ಆಸ್ಪತ್ರೆಗೆಲ್ಲ ಒಂದೇ ಡಿಸ್ಟ್ರೋ ಆರಿಸಿದ ನಿರ್ದೇಶಕರಿಗೆ, ಟೆಲಿಫೋನ್ ಕೋಣೆಯ ಪರವಾಗಿ

ಮಾನ್ಯ ಮಾಹಿತಿ ತಂತ್ರಜ್ಞಾನ ನಿರ್ದೇಶಕರೇ,

ನಮ್ಮ ಸಾರ್ವಜನಿಕ ಆಸ್ಪತ್ರೆಗೆ ನೀವು ಆರಿಸಿಕೊಟ್ಟ ಲಿನಕ್ಸ್ ವ್ಯವಸ್ಥೆ ಒಂದು ಸೋಮವಾರ ಬೆಳಿಗ್ಗೆ ಮೂಕವಾಯಿತು. ಅದರಿಂದ ಒಬ್ಬ ರೋಗಿಯ ಪ್ರಾಣ ಹೋಗುವುದರಲ್ಲಿತ್ತು. ಹೋಗದಂತೆ ತಡೆದ ಟೆಲಿಫೋನ್ ಆಪರೇಟರ್ ಈಗ ನೆಲಮಾಳಿಗೆಯ ಲಾಂಡ್ರಿ ಕೋಣೆಯಲ್ಲಿ ಕೂತು ಹಾಸಿಗೆಯ ಚಾದರ ಮಡಚುತ್ತಿದ್ದಾಳೆ. ವ್ಯವಸ್ಥೆಯನ್ನು ಆರಿಸಿದ ನೀವಾದರೋ, ಅದನ್ನೇ ಬರುವ ಸೋಮವಾರದಿಂದ ತೀವ್ರ ನಿಗಾ ಘಟಕಕ್ಕೂ ಹಾಕಬೇಕೆಂದು ಆದೇಶ ಹೊರಡಿಸಿದ್ದೀರಿ. ಇವೆರಡರಲ್ಲಿ ಶಿಕ್ಷೆ ಯಾವುದು, ಬಡ್ತಿ ಯಾವುದು ಎಂದು ಕೇಳಿ ಕಚೇರಿಯ ಟಪ್ಪಾಲಿನಲ್ಲಿ ಬರೆದೆ. ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಪದ ಹಿಂದಿರುಗಿತು. ಪರಿಶೀಲನೆಯಲ್ಲಿರುವಾಗಲೇ ಸೋಮವಾರ ಬಂದುಬಿಟ್ಟರೆ ಎಂಬ ಭಯದಿಂದ ಈಗ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನನ್ನ ಪರಿಚಯ ನಿಮಗಿದೆ, ಓದುಗರಿಗಿಲ್ಲ. ನಾನು ನಿಮ್ಮದೇ ವಿಭಾಗದವಳು. ಮೂರನೇ ಮಹಡಿಯಲ್ಲಿ ಪ್ರೋಗ್ರಾಮರುಗಳ ಕೋಣೆಯಲ್ಲಿ ಕೂತು ಔಷಧ ದಾಸ್ತಾನಿನ ತಂತ್ರಾಂಶ ಬರೆಯುತ್ತೇನೆ. ಚಾದರ ಮಡಚುತ್ತಿರುವವಳು ನನ್ನ ಒಡಹುಟ್ಟಿದ ಅಕ್ಕ. ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ಆಸ್ಪತ್ರೆಗೆ ಆಸ್ಪತ್ರೆಯೇ ಅವಳನ್ನು ‘ಎಕ್ಸ್‌ಚೇಂಜ್ ಅಕ್ಕ’ ಎಂದು ಕರೆಯುತ್ತದೆ, ಅವಳಿಗಿಂತ ವಯಸ್ಸಾದ ಸರ್ಜನ್ನರೂ ಸೇರಿ. ‘ತಂಗಿಯಾದವಳು ಅಕ್ಕನ ಪರ ಬರೆಯದೆ ಇನ್ನೇನು ಬರೆದಾಳು’ ಎಂದು ನೀವು ಮೂಗು ಮುರಿಯುವುದು ಇಲ್ಲಿಗೇ ಕಾಣುತ್ತಿದೆ. ಹೌದು ಸ್ವಾಮಿ, ಪರವಾಗಿಯೇ ಬರೆಯುತ್ತಿದ್ದೇನೆ. ನಿಷ್ಪಕ್ಷಪಾತವಾಗಿ ಬರೆಯಲೆಂದು ನೀವು ಒಂದು ವಿಚಾರಣಾ ಸಮಿತಿ ನೇಮಿಸಿದ್ದಿರಿ. ಅದು ಏನು ಬರೆಯಿತೆಂದು ಮುಂದೆ ಹೇಳುತ್ತೇನೆ.

ಈ ತಂತ್ರಜ್ಞಾನದ ಗೊಡವೆಗೇ ಹೋಗದ ಓದುಗರಿಗೆ ಎರಡು ಮಾತು. ಲಿನಕ್ಸ್ ಎಂಬುದು ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಯಾರ ಸ್ವತ್ತೂ ಅಲ್ಲ. ಅದರ ಸುತ್ತ ಬೇಕಾದ ಸಲಕರಣೆಗಳನ್ನೆಲ್ಲ ಜೋಡಿಸಿ ಬೇರೆ ಬೇರೆ ತಂಡಗಳು ತಂತಮ್ಮ ರೀತಿಯಲ್ಲಿ ಹಂಚುತ್ತವೆ. ಅಂಥ ಒಂದೊಂದು ಜೋಡಣೆಗೂ ಡಿಸ್ಟ್ರೋ ಎನ್ನುತ್ತಾರೆ. ಕೆಲವು ಡಿಸ್ಟ್ರೋಗಳು ಒಮ್ಮೆ ಹಾಕಿದರೆ ವರ್ಷಗಟ್ಟಲೆ ಅಲ್ಲಾಡುವುದಿಲ್ಲ. ರಕ್ಷಣೆಗೆ ಬೇಕಾದ ತೇಪೆಗಳು ಮಾತ್ರ ಬರುತ್ತವೆ, ಗುಂಡಿ ಇದ್ದಲ್ಲೇ ಗುಂಡಿ ಇರುತ್ತದೆ. ಇನ್ನು ಕೆಲವು ಲೋಕದಲ್ಲಿ ಹೊಸದೇನು ಬಂದರೂ ಆ ವಾರವೇ ತಂದು ಸುರಿಯುತ್ತವೆ. ಮೊದಲನೆಯದು ದಿನನಿತ್ಯದ ಕೆಲಸದವರಿಗೆ ಹಿತ, ಎರಡನೆಯದು ಪ್ರೋಗ್ರಾಮರುಗಳಿಗೆ ಅಚ್ಚುಮೆಚ್ಚು. ಇಲ್ಲಿ ಯಾವುದರ ಹೆಸರನ್ನೂ ಬರೆಯುವುದಿಲ್ಲ. ಹೆಸರು ಬರೆದ ಕೂಡಲೇ ಅಭಿಮಾನಿಗಳು ತೋಳೇರಿಸಿಕೊಂಡು ಬರುತ್ತಾರೆ, ನನ್ನ ಅಕ್ಕನ ವಿಷಯ ಆ ಗದ್ದಲದಲ್ಲಿ ಕಾಲ್ತುಳಿತಕ್ಕೆ ಸಿಗುತ್ತದೆ.

ನಮ್ಮ ಆಸ್ಪತ್ರೆಯಲ್ಲಿ ಬಹುಕಾಲದಿಂದ ಇದ್ದದ್ದು ಅಲ್ಲಾಡದ ಜಾತಿಯದು. ಅದಕ್ಕೆ ವಯಸ್ಸಾಗಿತ್ತು, ತೇಪೆ ಬರುವುದೂ ನಿಲ್ಲುವುದರಲ್ಲಿತ್ತು. ಬದಲಿಸಬೇಕೆಂದು ನೀವು ಹೊರಟದ್ದು ಸರಿಯೇ. ‘ಒಂದು ಸಂಸ್ಥೆ, ಒಂದು ಡಿಸ್ಟ್ರೋ’ ಎಂಬ ನಿಮ್ಮ ಸುತ್ತೋಲೆಯೂ ನನಗೆ ಒಪ್ಪಿಗೆಯೇ ಆಗಿತ್ತು. ಪ್ರೋಗ್ರಾಮರ್ ಬರೆಯುವ ಯಂತ್ರವೂ ವಾರ್ಡಿನ ಸಿಸ್ಟರ್ ಬಳಸುವ ಯಂತ್ರವೂ ಒಂದೇ ಆದರೆ ‘ನನ್ನಲ್ಲಿ ಸರಿಯಾಗಿಯೇ ಓಡುತ್ತಿದೆಯಲ್ಲ’ ಎಂದು ನಾವು ಕೈತೊಳೆದುಕೊಳ್ಳುವುದು ತಪ್ಪುತ್ತದೆ. ಆದರೆ ಆರಿಸಿದ ಬಗೆ?

ಆಯ್ಕೆ ಸಮಿತಿಯ ಸಭೆಗೆ ನಾನು ಸದಸ್ಯಳಾಗಿ ಬಂದವಳಲ್ಲ, ನಡಾವಳಿ ಬರೆದುಕೊಳ್ಳಲು ಕೂತವಳು. ಸದಸ್ಯರೆಲ್ಲ ಪ್ರೋಗ್ರಾಮರುಗಳೇ. ಅವರಲ್ಲಿ ಹಿರಿಯ, ನಮ್ಮ ಕೋಣೆಯ ‘ಅಪ್ಡೇಟಪ್ಪ’. ಬೆಳಿಗ್ಗೆ ಬಂದು ಚಪ್ಪಲಿ ಬಿಡುವ ಮೊದಲೇ ತನ್ನ ಯಂತ್ರಕ್ಕೆ ಅಪ್‌ಡೇಟ್ ಕೊಡುವವನಾದ್ದರಿಂದ ಈ ಬಿರುದು. ಒಳ್ಳೆಯ ಮನುಷ್ಯ, ಇನ್ನೂ ಒಳ್ಳೆಯ ಪ್ರೋಗ್ರಾಮರ್. ವಾರವಾರ ಹೊಸದಾಗುವ ಡಿಸ್ಟ್ರೋ ಬೇಕೆಂದು ಅವನೇ ಮೊದಲು ಹೇಳಿದ್ದು. ಮಿಕ್ಕವರೆಲ್ಲ ತಲೆಯಾಡಿಸಿದರು. ಆಗ ನಾನು ಪೆನ್ನು ಕೆಳಗಿಟ್ಟು ಕೇಳಿದೆ.

“ಸರ್, ಟೆಲಿಫೋನ್ ಕೋಣೆಯವರನ್ನ, ವಾರ್ಡಿನವರನ್ನ ಒಂದು ಮಾತು ಕೇಳೋಣವಾ?”

ನೀವು ನಕ್ಕಿರಿ. ಸಿಟ್ಟಿನ ನಗುವಲ್ಲ. ಮಗು ಏನೋ ಕೇಳಿದಾಗ ದೊಡ್ಡವರು ನಗುತ್ತಾರಲ್ಲ, ಅಂಥದ್ದು.

“ಅವರನ್ನ ಏನಂತ ಕೇಳೋದಮ್ಮಾ? ಅವರಿಗೆ ಬೇಕಾಗಿರೋದು ನಾಲ್ಕು ಗುಂಡಿ. ಯಾವುದು ಕೊಟ್ರೂ ಒತ್ತುತ್ತಾರೆ. ಕಷ್ಟದ ಕೆಲಸ ಮಾಡೋರು ನೀವು. ನಿಮಗೆ ಬೇಕಾದ್ದು ಆರಿಸಿಕೊಳ್ಳಿ, ಅವರು ಹೊಂದಿಕೊಳ್ತಾರೆ.”

ಆ ಮಾತನ್ನು ನಡಾವಳಿಯಲ್ಲಿ ಹಾಗೆಯೇ ಬರೆದಿದ್ದೆ. ಅಚ್ಚಾಗಿ ಬಂದ ಪ್ರತಿಯಲ್ಲಿ ಅದು ‘ಸಾಮಾನ್ಯ ಬಳಕೆದಾರರ ಅಗತ್ಯಗಳನ್ನು ಸಮಗ್ರವಾಗಿ ಚರ್ಚಿಸಲಾಯಿತು’ ಎಂದಾಗಿತ್ತು. ಸಮಗ್ರ ಎಂಬ ಪದದ ಮೇಲೆ ನನಗೆ ಮೊದಲಿದ್ದ ಗೌರವ ಅಂದಿನಿಂದ ಇಲ್ಲ.

ಈಗ ಅಕ್ಕನ ಕೆಲಸ ಹೇಗೆ ನಡೆಯುತ್ತಿತ್ತೆಂದು ಹೇಳಬೇಕು. ಆಸ್ಪತ್ರೆಯ ಒಳಗಿನ, ಹೊರಗಿನ ಕರೆಗಳೆಲ್ಲ ಅವಳ ಕಂಪ್ಯೂಟರಿಗೆ ಬರುತ್ತವೆ. ಕರೆ ಎಲ್ಲಿಂದ ಬಂತೆಂದು ಪರದೆಯ ಮೇಲೆ ಮೂಡುತ್ತದೆ. ಕಣ್ಣಿದ್ದವರು ಅದನ್ನು ನೋಡುತ್ತಾರೆ. ಅಕ್ಕನಿಗೆ ಪರದೆ ಓದಿ ಹೇಳುವ ಒಂದು ತಂತ್ರಾಂಶ ‘ಹೆರಿಗೆ ವಾರ್ಡ್’, ‘ತುರ್ತು ಚಿಕಿತ್ಸೆ’ ಎಂದು ಒಂದು ಕಿವಿಯಲ್ಲಿ ಉಸುರುತ್ತದೆ, ಇನ್ನೊಂದು ಕಿವಿಯಲ್ಲಿ ಕರೆ ಮಾಡಿದವರ ದನಿ. ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡು ಅವಳು ಗುಂಡಿ ಒತ್ತುತ್ತಾಳೆ. “ಒಂದು ಕಿವೀಲಿ ಅತ್ತೆ, ಒಂದು ಕಿವೀಲಿ ನಾದಿನಿ ಇದ್ದ ಹಾಗೆ ಕಣೆ. ಅಭ್ಯಾಸ ಆಗಿಬಿಟ್ಟಿದೆ” ಎನ್ನುತ್ತಿದ್ದಳು. ಮದುವೆಯಾಗದ ಅವಳಿಗೆ ಅತ್ತೆಯೂ ಇಲ್ಲ, ನಾದಿನಿಯೂ ಇಲ್ಲ.

ಹೊಸ ಡಿಸ್ಟ್ರೋ ಬಂದ ಮೇಲೂ ಕೆಲವು ವಾರ ಎಲ್ಲ ಸರಿಯಾಗಿಯೇ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಒಂದು ಭಾನುವಾರ, ಯಾರಿಗೂ ಹೇಳದೆ, ಯಾರನ್ನೂ ಕೇಳದೆ, ಎಲ್ಲ ಯಂತ್ರಗಳಿಗೂ ತಾನಾಗಿಯೇ ಒಂದು ದೊಡ್ಡ ಅಪ್‌ಡೇಟ್ ಇಳಿಯಿತು. ಪರದೆಯ ಮೇಲೆ ಚಿತ್ರ, ಅಕ್ಷರ ಮೂಡಿಸುವ ವ್ಯವಸ್ಥೆಯೇ ಬದಲಾಯಿತು. ಸೋಮವಾರ ಬೆಳಿಗ್ಗೆ ಮೂರನೇ ಮಹಡಿಯಲ್ಲಿ ನಮಗೆ ಅಕ್ಷರಗಳು ಇನ್ನಷ್ಟು ನುಣುಪಾಗಿ ಕಂಡವು. ನೆಲಮಹಡಿಯಲ್ಲಿ ಅಕ್ಕ ಬಂದು ಕೂತಳು, ಪಾಸ್‌ವರ್ಡ್ ಒತ್ತಿದಳು, ಹೆಡ್‌ಫೋನ್ ಹಾಕಿಕೊಂಡಳು. ಯಂತ್ರ ಉಸಿರೆತ್ತಲಿಲ್ಲ.

ಕರೆಗಳು ಬರುತ್ತಿದ್ದವು. ಒತ್ತಿ ಮಾತಾಡಬಹುದಿತ್ತು. ಎಲ್ಲಿಂದ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಪ್ರತಿಯೊಬ್ಬರನ್ನೂ “ಎಲ್ಲಿಂದ ಮಾತಾಡ್ತಿದ್ದೀರಿ?” ಎಂದು ಕೇಳಿಕೊಂಡೇ ಕೆಲಸ ಸಾಗಿಸುತ್ತ, ನಡುನಡುವೆ ನಮ್ಮ ವಿಭಾಗದ ಸಹಾಯವಾಣಿಗೆ ಫೋನ್ ಮಾಡಿದಳು. ಅತ್ತ ಕಡೆಯ ಉತ್ತರ ಹೀಗಿತ್ತು.

“ಮೇಡಂ, ಫೋನಲ್ಲಿ ದೂರು ತಗೊಳ್ಳೋ ಹಾಗಿಲ್ಲ. ನಿಮ್ಮ ಪರದೆಯ ಬಲಗಡೆ ಮೇಲೆ ಒಂದು ಕೆಂಪು ಚಿಹ್ನೆ ಇದೆ ನೋಡಿ, ಅದನ್ನ ಒತ್ತಿ ಟಿಕೆಟ್ ಹಾಕಿ.”

“ಪರದೆಯಲ್ಲಿ ಏನಿದೆ ಅಂತ ಕೇಳಿಸ್ತಿಲ್ಲ ಅಂತಾನೇ ಫೋನ್ ಮಾಡಿರೋದು ಕಣಪ್ಪಾ.”

“ಅದನ್ನೇ ಟಿಕೆಟ್‌ನಲ್ಲಿ ಬರೀರಿ ಮೇಡಂ.”

ನಿರ್ದೇಶಕರೇ, ಆ ಸಿಬ್ಬಂದಿಯ ಮೇಲೆ ನನಗೆ ಸಿಟ್ಟಿಲ್ಲ. ಫೋನಿನಲ್ಲಿ ದೂರು ಪಡೆಯಬಾರದೆಂದು ನಿಯಮ ಮಾಡಿದವರು ಯಾರೆಂದು ನಮ್ಮಿಬ್ಬರಿಗೂ ಗೊತ್ತು. ಅಕ್ಕ ಆಮೇಲೆ ನನಗೆ ಫೋನ್ ಮಾಡಿದಳು. ನನ್ನ ಫೋನು ಸಭಾಂಗಣದ ಹೊರಗೆ ಒಂದು ಬುಟ್ಟಿಯಲ್ಲಿ ಬಿದ್ದಿತ್ತು. ಒಳಗೆ ನೀವು ದೊಡ್ಡ ಪರದೆಯ ಮುಂದೆ ನಿಂತು, ಹೊಸ ಡಿಸ್ಟ್ರೋ ಎಷ್ಟು ಸುಗಮವಾಗಿ ನೆಲೆಯೂರಿತೆಂದು ಬಣ್ಣಬಣ್ಣದ ಗೆರೆಗಳಲ್ಲಿ ತೋರಿಸುತ್ತಿದ್ದಿರಿ. ದೂರುಗಳ ಗೆರೆ ನೆಲಕ್ಕೆ ಅಂಟಿಕೊಂಡಿತ್ತು. ದೂರು ಕೊಡಲಾಗದವರ ದೂರು ಯಾವ ಗೆರೆಯಲ್ಲಿ ಬರಬೇಕು?

ಆ ಹೊತ್ತಿಗೇ ಅಕ್ಕನಿಗೆ ಇನ್ನೊಂದು ಕರೆ ಬಂತು. ಒಬ್ಬ ಸಿಸ್ಟರ್ ಏದುಸಿರಿನಲ್ಲಿ, “ಬೇಗ ಡಾಕ್ಟರನ್ನ ಕಳಿಸಿ, ಪೇಷಂಟ್ ಕುಸಿದುಬಿಟ್ಟಿದ್ದಾರೆ” ಎಂದವಳೇ ಫೋನನ್ನು ಅಲ್ಲೇ ಬಿಟ್ಟು ಓಡಿದಳು. ರೋಗಿಯ ಬಳಿಗೆ ಓಡದೆ ಅವಳು ಇನ್ನೇನು ಮಾಡಬೇಕಿತ್ತು? ಎಲ್ಲಿಂದ ಕರೆ ಬಂತೆಂದು ಎಕ್ಸ್‌ಚೇಂಜಿಗೆ ಗೊತ್ತಾಗುತ್ತದೆ ಎಂದು ಅವಳು ನಂಬಿದ್ದಳು, ಎಲ್ಲರೂ ನಂಬಿರುವ ಹಾಗೆ. ಅಕ್ಕ “ಸಿಸ್ಟರ್, ಯಾವ ವಾರ್ಡ್? ಸಿಸ್ಟರ್!” ಎಂದು ಕೂಗಿದಳು. ಜೋತುಬಿದ್ದ ಫೋನಿನಿಂದ ಓಡಾಟದ ಸದ್ದು, ಮಂಚ ಎಳೆಯುವ ಸದ್ದು. ಅವಳ ಮುಂದಿನ ಪರದೆಯ ಮೇಲೆ ವಾರ್ಡಿನ ಹೆಸರು ದೊಡ್ಡ ಅಕ್ಷರದಲ್ಲಿ, ನಿಮ್ಮ ಹೊಸ ನುಣುಪಿನಲ್ಲಿ, ಬೆಳಗುತ್ತಿತ್ತು. ಕೋಣೆಯಲ್ಲಿ ಓದಿ ಹೇಳಲು ಇನ್ನೊಬ್ಬರಿರಲಿಲ್ಲ.

ಸಭೆಯಲ್ಲಿ ನೀವು ‘ಬಳಕೆದಾರರ ತೃಪ್ತಿ’ ಎಂಬ ಹಾಳೆಗೆ ಬಂದಿದ್ದಿರಿ. ತಲೆಯ ಮೇಲಿನ ಧ್ವನಿವರ್ಧಕ ಕರಕರ ಎಂದಿತು. ಆಮೇಲೆ ನನ್ನ ಅಕ್ಕನ ದನಿ.

“ಎಲ್ಲರೂ ಕೇಳಿ, ಎಕ್ಸ್‌ಚೇಂಜಿನಿಂದ ಮಾತಾಡ್ತಿದ್ದೀನಿ. ಈಗ ತಾನೇ ಒಬ್ಬರು ಸಿಸ್ಟರ್ ಡಾಕ್ಟರ್ ಬೇಕು ಅಂತ ಫೋನ್ ಮಾಡಿದ್ರು. ಯಾವ ವಾರ್ಡ್ ಅಂತ ನಂಗೆ ಗೊತ್ತಾಗ್ತಿಲ್ಲ. ನಂಗೆ ಕಣ್ಣು ಕಾಣಲ್ಲ, ಕಂಪ್ಯೂಟರ್ ಇವತ್ತು ಮಾತಾಡ್ತಿಲ್ಲ. ಎಲ್ಲಿ ಪೇಷಂಟ್ ಕುಸಿದಿದ್ದಾರೋ ಅಲ್ಲಿರೋರು ಯಾರಾದರೂ ಜೋರಾಗಿ ಕೂಗಿ. ಹತ್ತಿರ ಇರೋ ಡಾಕ್ಟರು ಓಡಿ. ದಮ್ಮಯ್ಯ, ಬೇಗ ಕೂಗಿ.”

ಮನೆಯಲ್ಲಿ ಹಾಲು ಉಕ್ಕಿದರೂ ದನಿ ಏರಿಸದವಳು ಅವಳು. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೆ. ನೀವು ಧ್ವನಿವರ್ಧಕದ ಕಡೆ ಕತ್ತೆತ್ತಿ, “ಯಾರದು ಇದು ಹುಚ್ಚಾಟ? ಯಾರಾದರೂ ಹೋಗಿ ಅದನ್ನ ನಿಲ್ಲಿಸಿ” ಎಂದಿರಿ. ನಾನು ಹೋದದ್ದು ನಿಲ್ಲಿಸಲಿಕ್ಕಲ್ಲ.

ಮೆಟ್ಟಿಲಿಳಿಯುವಾಗ ಇಡೀ ಆಸ್ಪತ್ರೆ ಕಿವಿ ನಿಮಿರಿಸಿ ನಿಂತಂತಿತ್ತು. ಓಡಾಡುತ್ತಿದ್ದವರು ಇದ್ದಲ್ಲೇ ನಿಂತಿದ್ದರು. ಆಗ ಮೇಲಿನ ಮಹಡಿಯಿಂದ ಒಬ್ಬ ಆಯಾ ಮೆಟ್ಟಿಲ ಬಾವಿಯೊಳಗೆ ಬಗ್ಗಿ ಕೂಗಿದಳು. “ಡಯಾಲಿಸಿಸ್! ಡಯಾಲಿಸಿಸ್ ವಾರ್ಡು!” ಕೆಳಗಿನ ಮಹಡಿಯವರು ಅದನ್ನೇ ಹಿಡಿದು ಕೂಗಿದರು, ಅವರ ಕೆಳಗಿನವರೂ. ಊಟಕ್ಕೆ ಹೊರಟಿದ್ದ ಒಬ್ಬ ಡಾಕ್ಟರು ಕೈಯಲ್ಲಿದ್ದ ಚೀಲವನ್ನು ಗೋಡೆಯ ಬದಿಗೆ ಎಸೆದು ನನ್ನ ಪಕ್ಕದಿಂದಲೇ ಮೇಲಕ್ಕೆ ಓಡಿದರು.

ನಾನು ತಲುಪಿದಾಗ ಅಕ್ಕ ಮೈಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದಳು.

“ಸಿಕ್ಕಿದ್ರಾ?” ಎಂದಳು.

“ಡಾಕ್ಟರು ಓಡಿದ್ದಾರೆ. ಡಯಾಲಿಸಿಸ್.”

“ಬದುಕಿದ್ದಾರಾ ಕೇಳ್ಕೊಂಡು ಬಾ. ನನ್ನ ಕಂಪ್ಯೂಟರ್ ಆಮೇಲೆ ನೋಡುವೆಯಂತೆ. ಹೋಗು!”

ಬದುಕಿದರು. ಡಯಾಲಿಸಿಸ್ ನಡೆಯುವಾಗ ರಕ್ತದೊತ್ತಡ ಒಮ್ಮೆಲೇ ಕುಸಿದಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತೆಂದು ಆ ಡಾಕ್ಟರೇ ವಿಚಾರಣೆಯಲ್ಲಿ ಹೇಳಿದ್ದಾರೆ. ನಾನು ಹಿಂದಿರುಗಿ ಬಂದು, ಧ್ವನಿಯ ಸೇವೆಯನ್ನು ಕೈಯಾರೆ ಮತ್ತೆ ಚಾಲೂ ಮಾಡಿ, ಯಂತ್ರಕ್ಕೆ ಬಾಯಿ ಬರಿಸಿದೆ. ಹೊಸ ಪರದೆ ವ್ಯವಸ್ಥೆಗೂ ಓದಿ ಹೇಳುವ ತಂತ್ರಾಂಶಕ್ಕೂ ಇನ್ನೂ ಹೊಂದಾಣಿಕೆ ಆಗಿರಲಿಲ್ಲ, ಅಷ್ಟೇ. ಕೆಲವು ವಾರ ಕಾದಿದ್ದರೆ ಸರಿಹೋಗುತ್ತಿತ್ತು. ಕಾಯುವ ಡಿಸ್ಟ್ರೋಗಳು ಕಾಯುವುದೇ ಅದಕ್ಕಾಗಿ. ನೀವು ಆರಿಸಿದ್ದು ಕಾಯದ ಜಾತಿಯದು. ಅದು ಅದರ ತಪ್ಪಲ್ಲ, ತಾನು ಇಂಥದ್ದು ಎಂದು ಅದು ಮೊದಲೇ ಹೇಳಿಕೊಂಡಿದೆ. ನನ್ನ ಸ್ವಂತ ಕಂಪ್ಯೂಟರಿನಲ್ಲಿ ಅದನ್ನು ಸಂತೋಷದಿಂದ ಬಳಸುತ್ತೇನೆ. ಅದು ಕೆಟ್ಟರೆ ನಾನು ಒಂದು ಸಂಜೆ ಕಳೆದುಕೊಳ್ಳುತ್ತೇನೆ. ಎಕ್ಸ್‌ಚೇಂಜಿನಲ್ಲಿ ಕೆಟ್ಟರೆ ಕಳೆದುಕೊಳ್ಳುವವರು ಯಾರು?

ನಿಮ್ಮ ವಿಚಾರಣಾ ಸಮಿತಿಯ ವರದಿ ಬಂತು. ಅದರ ಭಾಷೆಗೆ ಕೈಮುಗಿಯಬೇಕು. ‘ಸದರಿ ಆಪರೇಟರ್ ನೂತನ ತಂತ್ರಜ್ಞಾನಕ್ಕೆ ಹೊಂದಿಕೊಳ್ಳುವಲ್ಲಿ ವಿಫಲರಾಗಿರುತ್ತಾರೆ. ಸಾರ್ವಜನಿಕ ಧ್ವನಿವರ್ಧಕವನ್ನು ದುರ್ಬಳಕೆ ಮಾಡಿ ರೋಗಿಗಳಲ್ಲಿ ಭೀತಿ ಉಂಟುಮಾಡಿರುತ್ತಾರೆ. ಸಂಸ್ಥೆಯ ಉಪಕರಣದ ದೋಷವನ್ನು ಬಹಿರಂಗವಾಗಿ ಪ್ರಸಾರ ಮಾಡಿ ಸಂಸ್ಥೆಯ ಘನತೆಗೆ ಕುಂದು ತಂದಿರುತ್ತಾರೆ.’ ಸ್ವಾಮಿ, ಪ್ರಾಣ ಹೋಗುವಾಗ ಕೂಗಿದರೆ ಭೀತಿ ಉಂಟಾಗುತ್ತದೆ, ನಿಜ. ಹಾಗಾದರೆ ಗುಟ್ಟಾಗಿ ಕೂಗುವುದು ಹೇಗೆಂದು ಸಮಿತಿ ಒಂದು ತರಬೇತಿ ಏರ್ಪಡಿಸಬಹುದಿತ್ತು. ಉಪಕರಣದ ದೋಷ ಮುಚ್ಚಿಟ್ಟು ಸಂಸ್ಥೆಯ ಘನತೆ ಉಳಿಸಿ ರೋಗಿಯನ್ನು ಕಳಿಸಿಕೊಟ್ಟಿದ್ದರೆ, ಆ ಘನತೆಯನ್ನು ಯಾವ ವಾರ್ಡಿನಲ್ಲಿ ಮಲಗಿಸುತ್ತಿದ್ದಿರಿ?

ಮರುದಿನವೇ ಅಕ್ಕನನ್ನು ‘ಹಗುರ ಕೆಲಸ’ಕ್ಕೆಂದು ಲಾಂಡ್ರಿಗೆ ಕಳಿಸಿದಿರಿ. ಆವಿಯ ಬಿಸಿ, ಸೋಪಿನ ಘಾಟು, ಗೋಡೆಗೆ ಕಿಟಕಿಯಿಲ್ಲ. ಅಲ್ಲಿನ ಹೆಂಗಸರು ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಅವಳು ಚಾದರದ ಅಂಚು ಬೆರಳಲ್ಲಿ ಹಿಡಿದು ಮಡಚುತ್ತಾಳೆ. ಮೊದಲ ದಿನ ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಬಂದಳು. ಇಳಿಯುವಾಗ ಹೇಳಿದ್ದು ಇಷ್ಟೇ. “ಅಲ್ಲಿ ಯಾರೂ ನನ್ನ ಏನೂ ಕೇಳಲ್ಲ ಕಣೆ. ದಿನವಿಡೀ ಯಾರೂ ಏನೂ ಕೇಳಲ್ಲ.”

ಒಂದು ಮಧ್ಯಾಹ್ನ ಆ ಲಾಂಡ್ರಿಗೆ ಒಬ್ಬರು ದಾರಿ ವಿಚಾರಿಸಿಕೊಂಡು ಬಂದರು. ಬಸ್ ಡಿಪೋದ ಮೆಕ್ಯಾನಿಕ್. ಅಂದು ಕುಸಿದಿದ್ದವರು ಅವರೇ. ಅಕ್ಕನಿಗೆ ಊಟ ಕೊಡಲು ನಾನೂ ಅಲ್ಲಿದ್ದೆ. ಅವರು ಒದ್ದೆ ಚಾದರಗಳ ನಡುವೆ ಟೋಪಿ ಕೈಯಲ್ಲಿ ಹಿಡಿದು ನಿಂತರು.

“ನೀವೇನಮ್ಮಾ ಕೂಗಿದ್ದು?”

“ಹೂಂ. ತುಂಬಾ ಗಾಬರಿ ಆಯ್ತಾ ನಿಮಗೆ?” ಅಕ್ಕನಿಗೆ ವರದಿಯದೇ ಚಿಂತೆ.

“ಗಾಬರಿಯಾ? ಕಣ್ಣಿಗೆ ಕತ್ತಲೆ ಬಂದುಬಿಟ್ಟಿತ್ತು. ಎಲ್ಲಿದ್ದೀನಿ ಅಂತಾನೇ ಗೊತ್ತಾಗ್ತಿರ್ಲಿಲ್ಲ. ಆಗ ನಿಮ್ಮ ದನಿ ಕೇಳಿಸ್ತು. ಯಾರೋ ನನ್ನ ಹುಡುಕ್ತಾ ಇದ್ದಾರೆ ಅನ್ನಿಸ್ತು. ಆಮೇಲೆ ಅಷ್ಟು ಹೆದರಿಕೆ ಆಗ್ಲಿಲ್ಲ.”

ಭೀತಿಗೊಂಡ ರೋಗಿಗಳ ಹೇಳಿಕೆ ಪಡೆಯಲು ನಿಮ್ಮ ಸಮಿತಿ ಎಲ್ಲ ವಾರ್ಡುಗಳಿಗೂ ಹೋಗಿತ್ತಂತೆ. ಈ ಮನುಷ್ಯನನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅದಾದ ಮೇಲೆ ನಾನು ನಿಮ್ಮ ಕೋಣೆಗೆ ಬಂದೆ. ನೀವು ಕೂರಲು ಹೇಳಿದಿರಿ, ಚಹಾ ತರಿಸಿದಿರಿ. ಸೌಜನ್ಯದಲ್ಲಿ ನಿಮ್ಮದು ಎತ್ತಿದ ಕೈ, ಅದನ್ನು ಅಲ್ಲಗಳೆಯುವುದಿಲ್ಲ.

“ನೋಡಮ್ಮಾ, ನಿನ್ನ ನೋವು ಅರ್ಥ ಆಗುತ್ತೆ. ಆದ್ರೆ ಒಬ್ಬರಿಗೋಸ್ಕರ ಇಡೀ ಆಸ್ಪತ್ರೇನ ಹಳೇ ಕಾಲಕ್ಕೆ ತಗೊಂಡು ಹೋಗೋಕಾಗುತ್ತಾ? ಡೆವಲಪರಿಗೆ ಬೇಕಾದ್ದೇ ಬೇರೆ, ಮಾಮೂಲಿ ಜನಕ್ಕೆ ಬೇಕಾದ್ದೇ ಬೇರೆ. ಇಬ್ಬರಿಗೂ ಹೊಂದೋದು ಅಂತ ಒಂದು ಇಲ್ಲ. ಇದ್ರೆ ತೋರಿಸು.”

“ತೋರಿಸಿದ್ರೆ ನೋಡ್ತೀರಾ ಸರ್?”

“ಖಂಡಿತ.”

ಆ ‘ಖಂಡಿತ’ವನ್ನು ನಂಬಿ ನಾನು ಮೊದಲು ಹೋದದ್ದು ಅಪ್ಡೇಟಪ್ಪನ ಹತ್ತಿರ. ಯಂತ್ರ ಮೂಕವಾದ ದಿನದಿಂದ ಅವನು ಎಕ್ಸ್‌ಚೇಂಜಿನ ಮುಂದೆ ಹಾಯುವುದನ್ನೇ ಬಿಟ್ಟು, ಹಿಂಬಾಗಿಲ ಮೆಟ್ಟಿಲು ಬಳಸುತ್ತಿದ್ದ. “ಒಂದು ಶನಿವಾರ ಕೊಡ್ತೀಯಾ?” ಎಂದೆ. “ಎಷ್ಟು ಬೇಕಾದ್ರೂ ತಗೋ” ಎಂದ. ತರಬೇತಿ ಕೋಣೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಯಂತ್ರಗಳ ಧೂಳು ಒರೆಸಿ, ಒಂದೊಂದಕ್ಕೆ ಒಂದೊಂದು ಡಿಸ್ಟ್ರೋ ಹಾಕಿದೆವು. ಶನಿವಾರ ಮಧ್ಯಾಹ್ನ ಸಿಸ್ಟರುಗಳ ಮುಖ್ಯಸ್ಥೆ ಮೇಟ್ರನ್ ಬಂದರು, ಲಾಂಡ್ರಿಯಿಂದ ಅಕ್ಕ ಬಂದಳು. ನಿಯಮ ಒಂದೇ ಇತ್ತು. ಪ್ರತಿಯೊಬ್ಬರೂ ಪ್ರತಿ ಯಂತ್ರದಲ್ಲೂ ತಮ್ಮ ನಿತ್ಯದ ಕೆಲಸ ಮಾಡಬೇಕು, ನಾವಿಬ್ಬರೂ ಬಾಯಿ ಹಾಕಬಾರದು.

ಬಾಯಿ ಹಾಕದಿರುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಮೇಟ್ರನ್ ಒಂದು ಯಂತ್ರದ ಮುಂದೆ ಕೂತು ರೋಗಿಯ ಚೀಟಿ ಮುದ್ರಿಸಲು ಗುಂಡಿ ಹುಡುಕುತ್ತಲೇ ಇದ್ದರು. ಅಪ್ಡೇಟಪ್ಪ ಕೈಕಟ್ಟಿ ನಿಂತು ತುಟಿ ಕಚ್ಚುತ್ತಿದ್ದ. ನೋಡಲು ಅದು ಗಾಜಿನ ಅರಮನೆಯಂತಿತ್ತು, ಹಳೆಯ ಯಂತ್ರದಲ್ಲಿ ಮಾತ್ರ ಕಾಲೆಳೆಯುತ್ತಿತ್ತು. “ಇಷ್ಟು ಚಂದ ಮಾಡೋ ಬದಲು ಗುಂಡಿ ಎಲ್ಲಿದೆ ಅಂತ ಹೇಳಬಾರದಿತ್ತಾ?” ಎಂದು ಮೇಟ್ರನ್ ಎದ್ದರು. ನಾವೀಗ ಬಳಸುತ್ತಿರುವ ಡಿಸ್ಟ್ರೋದ ಮುಂದೆ ಕೂತಾಗ ಅವರು ಇನ್ನೊಂದು ಸಂಗತಿ ಬಾಯಿಬಿಟ್ಟರು. ಆ ಭಾನುವಾರದ ಅಪ್‌ಡೇಟ್ ಆದ ಮೇಲೆ ವಾರ್ಡುಗಳಲ್ಲಿ ನಮ್ಮ ಭಾಷೆಯ ಕೀಲಿಮಣೆ ಹಾಳಾಗಿತ್ತಂತೆ. ಸಿಸ್ಟರುಗಳು ರೋಗಿಗಳ ಹೆಸರನ್ನು ಬೇರೆ ಲಿಪಿಯಲ್ಲಿ ಹೇಗೋ ಹೊಡೆದು ಕಾಲ ತಳ್ಳುತ್ತಿದ್ದರಂತೆ. “ಹೇಳಬಾರದಿತ್ತಾ ಮೇಡಂ?” ಎಂದೆ. “ಹೇಳಿದವಳು ಲಾಂಡ್ರಿಯಲ್ಲಿದ್ದಾಳಲ್ಲ” ಎಂದರು. ಒಬ್ಬರಿಗೋಸ್ಕರ ಎಂದಿರಲ್ಲ ಸ್ವಾಮಿ, ಆ ಒಬ್ಬರು ಎಷ್ಟು ಮಂದಿ ಎಂದು ನಿಮಗೆ ಗೊತ್ತಾಗದಿರುವುದಕ್ಕೂ ಅದೇ ಕಾರಣ.

ಮೂಲೆಯಲ್ಲಿದ್ದ ಒಂದು ಯಂತ್ರಕ್ಕೆ ಆಡಂಬರವಿಲ್ಲದ, ವರ್ಷಗಟ್ಟಲೆ ಅಲ್ಲಾಡದ ಡಿಸ್ಟ್ರೋ ಹಾಕಿದ್ದೆವು. ಅಪ್ಡೇಟಪ್ಪ ಮೊದಲೇ ಮೂಗೆಳೆದಿದ್ದ. “ಇದು ಮ್ಯೂಸಿಯಂ. ಇದರಲ್ಲಿ ನನ್ನ ಕೆಲಸ ಆಗಲ್ಲ.” ಮೇಟ್ರನ್ ಕೂತರು, ಚೀಟಿ ಮುದ್ರಿಸಿದರು, ನಮ್ಮ ಭಾಷೆಯಲ್ಲಿ ಒಂದು ಹೆಸರು ಹೊಡೆದರು, ಎದ್ದರು. ಮೆಚ್ಚುಗೆಯ ಒಂದು ಮಾತೂ ಇಲ್ಲ. ಮೆಚ್ಚುವಂಥದ್ದು ಏನಾದರೂ ಆಯಿತೆಂದೇ ಅವರಿಗೆ ಅನ್ನಿಸಿರಲಿಲ್ಲ. ಆಮೇಲೆ ಅಕ್ಕ ಕೂತಳು. ಯಂತ್ರ ಚಾಲೂ ಆಗುತ್ತಿದ್ದಂತೆ, ಪಾಸ್‌ವರ್ಡ್ ಕೇಳುವ ಮೊದಲ ಪರದೆಯಲ್ಲೇ, ಅದು ಮಾತಾಡಿತು. ಅಕ್ಕ ಬೆಚ್ಚಿದಳು. ಆಮೇಲೆ ಅವಳ ಮುಖ ಅರಳಿದ್ದು ನೋಡಬೇಕಿತ್ತು.

“ಓಹೋ! ಇದ್ದೀಯಾ ನೀನು?” ಎಂದಳು ಯಂತ್ರಕ್ಕೆ.

ಅಪ್ಡೇಟಪ್ಪನ ಸರದಿ. ಅವನು ಸೋಲಲೆಂದೇ ಕೂತಂತೆ ಕೂತ. ನಮ್ಮ ಔಷಧ ದಾಸ್ತಾನಿನ ತಂತ್ರಾಂಶಕ್ಕೆ ತೀರ ಹೊಸ ಸಲಕರಣೆಗಳು ಬೇಕು, ಈ ಡಿಸ್ಟ್ರೋದಲ್ಲಿ ಇರುವುದು ಹಳೆಯವು. ನಾನು ನೆನಪಿಸಿದ್ದು ಇಷ್ಟೇ, “ಕಂಟೇನರ್ ಹಾಕಿ ನೋಡು.” ಓದುಗರಿಗೆ ಹೇಳಬೇಕೆಂದರೆ, ಕಂಪ್ಯೂಟರಿನ ಒಳಗೇ ಒಂದು ಪ್ರತ್ಯೇಕ ಕೋಣೆ ಕಟ್ಟಿಕೊಂಡ ಹಾಗೆ ಅದು. ಆ ಕೋಣೆಯೊಳಗೆ ನಿನ್ನೆ ಬಂದ ಸಲಕರಣೆಯನ್ನೂ ತಂದಿಟ್ಟುಕೊಳ್ಳಬಹುದು. ಒಳಗೆ ಏನು ಒಡೆದರೂ ಹೊರಗಿನ ಮನೆ ಅಲ್ಲಾಡುವುದಿಲ್ಲ. ಅವನಿಗೆ ಇದು ಗೊತ್ತಿಲ್ಲದ್ದೇನಲ್ಲ, ಅವನೇ ನನಗೆ ಕಲಿಸಿದ್ದು. ಅದನ್ನು ಇಲ್ಲಿಗೆ ಹೊಂದಿಸಬಹುದೆಂದು ಯಾರೂ ಅವನನ್ನು ಕೇಳಿರಲಿಲ್ಲ, ಅಷ್ಟೇ. ಅವನು ಕೋಣೆ ಕಟ್ಟಿದ, ಸಲಕರಣೆ ತುಂಬಿದ, ತಂತ್ರಾಂಶವನ್ನು ಕಟ್ಟಲು ಬಿಟ್ಟು ಉಗುರು ಕಚ್ಚುತ್ತ ಕೂತ. ಒಮ್ಮೆ ಸೋತಿತು. ಏನೋ ಗೊಣಗಿ ಒಂದು ಸಾಲು ತಿದ್ದಿದ. ಮತ್ತೆ ಬಿಟ್ಟ. ಈ ಸಲ ಕೊನೆಯವರೆಗೂ ಓಡಿತು.

“ಹೊರಗೆ ಹಳೇದು, ಒಳಗೆ ಹೊಸದು. ನಂದೇನೂ ತಕರಾರಿಲ್ಲ” ಎಂದ. ಆಮೇಲೆ ಅಕ್ಕನ ಕಡೆ ತಿರುಗಿ, ಅವಳಿಗೆ ಕಾಣುವುದಿಲ್ಲವೆಂಬುದನ್ನೂ ಮರೆತು, ತಲೆ ತಗ್ಗಿಸಿ ನಿಂತ. “ಅಕ್ಕಾ, ಅವತ್ತೇ ಬಂದು ಮಾತಾಡಿಸಬೇಕಿತ್ತು.”

“ನಿನ್ನ ಹೆಜ್ಜೆ ಸದ್ದು ಇಷ್ಟು ದಿನ ಎಲ್ಲಿ ಹೋಗಿತ್ತು ಅಂತ ನಾನೂ ಅಂದ್ಕೊಳ್ತಿದ್ದೆ ಮಾರಾಯ” ಎಂದಳು ಅಕ್ಕ.

ಇಬ್ಬರಿಗೂ ಹೊಂದೋದು ಒಂದು ‘ಇಲ್ಲ’ ಎಂದಿರಲ್ಲ, ಹೀಗೆ ಅದು ಇದೆ. ಅದು ಯಾವುದೋ ಮಾಯೆಯ ಡಿಸ್ಟ್ರೋ ಅಲ್ಲ, ಅಂಥವು ಹಲವಾರಿವೆ. ತಳ ಗಟ್ಟಿಯಾಗಿರಲಿ, ಹೊಸತನ ಬೇಕಾದವರು ತಮ್ಮ ಕೋಣೆಯಲ್ಲಿ ತಂದುಕೊಳ್ಳಲಿ ಎಂಬಷ್ಟೇ ವಿವೇಕ ಸಾಕು. ಪ್ರೋಗ್ರಾಮರಿಗೆ ತನ್ನ ಅನುಕೂಲವನ್ನು ತಾನೇ ಕಟ್ಟಿಕೊಳ್ಳುವ ಶಕ್ತಿಯಿದೆ. ಎಕ್ಸ್‌ಚೇಂಜಿನಲ್ಲಿ ಕೂತವಳಿಗೆ ಆ ಶಕ್ತಿಯಿಲ್ಲ, ಇರಬೇಕಾದ ಅಗತ್ಯವೂ ಇಲ್ಲ. ಹಾಗಿರುವಾಗ ಯಾರ ಅನುಕೂಲವನ್ನು ತಳದಲ್ಲಿ ಹಾಕಬೇಕು, ಯಾರದನ್ನು ಮೇಲೆ ಕಟ್ಟಬೇಕು ಎಂಬುದಕ್ಕೆ ದೊಡ್ಡ ಪಾಂಡಿತ್ಯ ಬೇಕೇ?

ಈ ಶನಿವಾರದ ವಿವರವನ್ನೆಲ್ಲ ಬರೆದು ಅಪ್ಡೇಟಪ್ಪ, ಮೇಟ್ರನ್, ನಾನು ಮೂವರೂ ಸಹಿ ಹಾಕಿ ನಿಮಗೆ ಕೊಟ್ಟೆವು. ‘ಖಂಡಿತ’ ಎಂದಿದ್ದ ನೀವು, ‘ಅನಧಿಕೃತ ಪ್ರಯೋಗಕ್ಕೆ ಸಂಸ್ಥೆಯ ಯಂತ್ರಗಳನ್ನು ಬಳಸಿದ್ದಕ್ಕೆ ವಿವರಣೆ ನೀಡಿ’ ಎಂದು ನಮಗೇ ನೋಟಿಸು ಕಳಿಸಿದಿರಿ. ಮೇಟ್ರನ್ ಅದನ್ನು ಓದಿದಂತೆಯೂ ತೋರಿಸಿಕೊಳ್ಳದೆ, ವಾರ್ಡಿನ ಯಂತ್ರಗಳಿಗೆ ಈಗ ಕೈಯಾರೆಯೇ ಅಪ್‌ಡೇಟ್ ಹಾಕಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದರು. “ನನ್ನ ಪೇಷಂಟ್‌ಗಳು ಮಲಗಿದ್ದಾರೆ, ಆಮೇಲೆ ಬನ್ನಿ” ಎಂದರಂತೆ. ಅವರ ರೋಗಿಗಳು ಈಗಲೂ ಮಲಗಿಯೇ ಇದ್ದಾರೆ. ಆದರೆ ತೀವ್ರ ನಿಗಾ ಘಟಕ ಅವರ ಕೈಕೆಳಗಿಲ್ಲ, ಅಲ್ಲಿಗೆ ಸೋಮವಾರ ಬರುತ್ತಿದೆ.

ಮೊನ್ನೆ ನೀವು ಅಕ್ಕನನ್ನು ಕರೆಸಿಕೊಂಡಿರಿ. ಒಂದು ಕ್ಷಮಾಪಣೆ ಬರೆದುಕೊಟ್ಟರೆ ಎಲ್ಲವನ್ನೂ ಮರೆತು ಅವಳ ಕುರ್ಚಿಯನ್ನು ಹಿಂದಿರುಗಿಸುವುದಾಗಿ ಹೇಳಿದಿರಿ. ಬಹಳ ಮೃದುವಾಗಿ ಹೇಳಿದಿರಂತೆ. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತಳು. ಕುರ್ಚಿಯ ಆಸೆ ಅವಳಿಗೆ ಎಷ್ಟಿದೆಯೆಂದು ನನಗೆ ಗೊತ್ತು. ಸಹಿ ಹಾಕಿ ಬಂದಿರಬಹುದು ಎಂದುಕೊಂಡೆ. ಹಾಕಿದ್ದರೆ ನಾನು ತಪ್ಪು ತಿಳಿಯುತ್ತಲೂ ಇರಲಿಲ್ಲ.

“ಹಾಕಿದ್ಯಾ ಅಕ್ಕಾ?”

“ಇಲ್ಲ. ಕ್ಷಮೆ ಕೇಳೋಕೆ ನಂಗೇನೂ ಬೇಜಾರಿಲ್ಲ, ಎಷ್ಟು ಸಲ ಕೇಳಿಲ್ಲ ಫೋನಲ್ಲಿ! ಆದ್ರೆ ಅವರನ್ನ ಒಂದು ಮಾತು ಕೇಳಿದೆ. ಇನ್ನೊಂದು ಸಲ ಯಂತ್ರ ಮೂಕ ಆಗಿ, ಇನ್ಯಾರೋ ಸಿಸ್ಟರ್ ಫೋನ್ ಬಿಟ್ಟು ಓಡಿದಾಗ, ನಾನು ಮೈಕ್ ಹಿಡೀಬೇಕೋ ಬೇಡವೋ? ಅದನ್ನ ಬರೆದುಕೊಡಿ ಸರ್, ಆಮೇಲೆ ನೀವು ಹೇಳಿದಲ್ಲಿ ಸಹಿ ಹಾಕ್ತೀನಿ ಅಂದೆ.”

“ಏನಂದ್ರು?”

“ಏನೂ ಅನ್ನಲಿಲ್ಲ ಕಣೆ. ಫ್ಯಾನ್ ತಿರುಗೋ ಸದ್ದು ಮಾತ್ರ ಕೇಳಿಸ್ತಿತ್ತು.”

ಆದ್ದರಿಂದ, ನಿರ್ದೇಶಕರೇ, ಬೇಡಿಕೆ ಇಷ್ಟು. ಸೋಮವಾರದ ಆದೇಶವನ್ನು ತಡೆಹಿಡಿಯಿರಿ. ಡಿಸ್ಟ್ರೋ ಆರಿಸುವ ಮೇಜಿಗೆ ಅದನ್ನು ಬಳಸುವವರನ್ನೂ ಕರೆಯಿರಿ, ನಾಲ್ಕು ಗುಂಡಿಯವರನ್ನು ಮೊದಲು ಕರೆಯಿರಿ. ಅಕ್ಕನ ಮೇಲಿನ ಷರಾವನ್ನು ಕ್ಷಮಾಪಣೆಯಿಲ್ಲದೆ ಹಿಂತೆಗೆಯಿರಿ. ಇವು ಮೂರೂ ನಿಮ್ಮಿಂದಾಗದಿದ್ದರೆ, ಬೇಡ, ಅವಳು ಕೇಳಿದ ಪ್ರಶ್ನೆಯೊಂದಕ್ಕೆ ಉತ್ತರ ಕೊಡಿ. ಹಿಡಿಯಬೇಕೋ, ಬೇಡವೋ? ನಿಮ್ಮ ಸಹಿ, ನಿಮ್ಮ ಮೊಹರು ಇರಲಿ. ‘ಬೇಡ’ ಎಂದು ಬರೆಯುವುದಾದರೆ ಒಂದು ಪ್ರತಿಯನ್ನು ಪ್ರತಿ ಹಾಸಿಗೆಯ ತಲೆದೆಸೆಗೂ ಅಂಟಿಸಿ. ಮಲಗುವವರಿಗೆ ಅದು ಗೊತ್ತಿರಬೇಕು.

ಇಂತಿ,
ನೋಟಿಸಿಗೆ ವಿವರಣೆ ಬರೆಯಲು ಕೂತು ಇಷ್ಟುದ್ದ ಬರೆದುಬಿಟ್ಟ,
ಈ ಪತ್ರ ಅಚ್ಚಾಗುವವರೆಗೆ ನಿಮ್ಮ ವಿಭಾಗದ ನೌಕರಳಾಗಿರುವ,
ಎಕ್ಸ್‌ಚೇಂಜ್ ಅಕ್ಕನ ತಂಗಿ